ಅಂಕೆಯ ನಡೆ

“ಮೆಟ್ಟೂರು ಅಣೆಕಟ್ಟಿನ ಇಂದಿನ ನೀರಿನ ಮಟ್ಟ 60 ಅಡಿ” ಎಂದು ಪತ್ರಿಕೆಯಲ್ಲಿ ಓದಿದೆವೆಂದು ಇಟ್ಟುಕೊಳ್ಳೋಣ. ಇದು ಸಂತೋಷದ ಸುದ್ದಿಯೋ, ಚಿಂತೆಯ ಸುದ್ದಿಯೋ? ಪೂರ್ಣ ಮಟ್ಟ 120 ಅಡಿ ಎಂಬುದನ್ನು ಬಲ್ಲವರೂ ಈ ಒಂದು ಅಂಕೆಯಿಂದ ಉತ್ತರ ಹೇಳಲಾರರು.

2023ರ ಜೂನ್ 12ರಂದು ತಂಜಾವೂರು ಸೀಮೆಯ ಗದ್ದೆಗಳಿಗೆ ನೀರು ಬಿಟ್ಟಾಗ ಮಟ್ಟ 100 ಅಡಿಗೂ ಮೇಲಿತ್ತು. ಆ ವರ್ಷ ಮುಂಗಾರು ಕೈಕೊಟ್ಟಿತು. ಮಟ್ಟ ಇಳಿಯುತ್ತ 60 ಅಡಿಯನ್ನು ದಾಟಿ, ಅಕ್ಟೋಬರಿನಲ್ಲಿ 30 ಅಡಿಯ ಆಸುಪಾಸಿಗೆ ಬಂದಿತು. ಗದ್ದೆಗಳಿಗೆ ನೀರು ಬಿಡುವುದನ್ನೇ ನಿಲ್ಲಿಸಬೇಕಾಯಿತು. ಮರುವರ್ಷ, 2024ರ ಜುಲೈ ಮಧ್ಯದಲ್ಲಿ, 50 ಅಡಿ ನೀರೂ ಇರಲಿಲ್ಲ. ಅಷ್ಟರಲ್ಲಿ ಕಬಿನಿ, ಕೃಷ್ಣರಾಜಸಾಗರಗಳು ತುಂಬಿ ಹರಿದವು. ಮಟ್ಟ ಏರುತ್ತ ಅದೇ 60 ಅಡಿಯನ್ನು ದಾಟಿ ಜುಲೈ 30ರಂದು 120 ಅಡಿ ಮುಟ್ಟಿತು. ಅಂಕೆ ಒಂದೇ, ಒಂದು ವರ್ಷ ಅದು ಬರದ ದಾರಿಯಲ್ಲಿತ್ತು, ಮತ್ತೊಂದು ವರ್ಷ ನೆರೆಯ ದಾರಿಯಲ್ಲಿ.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು. ಆದರೆ ಹರಿಯುವ, ಬೆಳೆಯುವ, ಸವೆಯುವ ವಸ್ತುಗಳ ವಿಷಯದಲ್ಲಿ ಒಂದು ಅಗುಳಿನ ಲೆಕ್ಕ ಸಲ್ಲದು. ಅಂಕೆಯ ನಡೆಯನ್ನು ನೋಡಬೇಕು: ಏರುತ್ತಿದೆಯೇ, ಇಳಿಯುತ್ತಿದೆಯೇ, ಎಷ್ಟು ವೇಗವಾಗಿ? ಕಾವೇರಿ ತಮಿಳುನಾಡನ್ನು ಸೇರುವ ಬಿಳಿಗುಂಡ್ಲುವಿನಲ್ಲಿ ಕೇಂದ್ರ ಜಲ ಆಯೋಗದವರು ನೀರಿನ ಹರಿವನ್ನು ಅಳೆಯುವುದೂ, ಹರಿವು ಹೆಚ್ಚಿದಾಗ ನಮ್ಮ ಹೊಗೇನಕಲ್ಲಿನಲ್ಲಿ ಹರಿಗೋಲುಗಳನ್ನು ನಿಲ್ಲಿಸುವುದೂ ಇದಕ್ಕಾಗಿಯೇ.

ಗಣಕಯಂತ್ರಗಳ ಕಾವಲಿನಲ್ಲಿಯೂ ಇದೇ ವಿದ್ಯೆ ನಡೆಯುತ್ತದೆ. ನಮ್ಮ ಕಡೆಯ ಎಷ್ಟೋ ಮನೆಗಳ ಮಕ್ಕಳು ಬೆಂಗಳೂರಿನಲ್ಲಿ ದುಡಿಯುತ್ತಿದ್ದಾರೆ. ಅವರಲ್ಲಿ ಕೆಲವರದು ರಾತ್ರಿಯೆಲ್ಲ ಪರದೆಯ ಮುಂದೆ ಕುಳಿತು ದೂರದ ಗಣಕಗಳನ್ನು ಗಮನಿಸುವ ಕೆಲಸ. “ಸುಮ್ಮನೆ ನೋಡುತ್ತ ಕೂರುವುದೂ ಒಂದು ಕೆಲಸವೇ?” ಎಂದು ಹಿರಿಯರು ಕೇಳುವುದುಂಟು. ಅವರು ಸುಮ್ಮನೆ ನೋಡುವುದಿಲ್ಲ. ಯಂತ್ರದ ಉಗ್ರಾಣ ಎಷ್ಟು ತುಂಬಿದೆ, ಕೇಳಿದ ಪ್ರಶ್ನೆಗೆ ಅದು ಎಷ್ಟು ಬೇಗ ಉತ್ತರ ಕೊಡುತ್ತಿದೆ, ಎಷ್ಟು ತಪ್ಪುತ್ತಿದೆ ಎಂಬ ಅಂಕೆಗಳ ನಡೆಯನ್ನು ನೋಡುತ್ತಾರೆ.

ಒಂದು ಲೆಕ್ಕ ಮಾಡೋಣ. ಒಂದು ಗಣಕದ ಉಗ್ರಾಣ ಶೇಕಡಾ 70ರಷ್ಟು ತುಂಬಿದೆ. ವಾರಕ್ಕೆ ಶೇಕಡಾ 2ರಂತೆ ತುಂಬುತ್ತಿದೆ. ಉಳಿದದ್ದು 30. ಎಂದರೆ 15 ವಾರಗಳಲ್ಲಿ ಅದು ಪೂರ್ತಿ ತುಂಬಿ ಕೆಲಸ ನಿಲ್ಲುತ್ತದೆ. 70 ಎಂಬ ಅಂಕೆ ಮಾತ್ರ ನೋಡಿದವನು ನಿಶ್ಚಿಂತೆಯಿಂದಿರುತ್ತಾನೆ. ನಡೆ ನೋಡಿದವನು ಇಂದೇ ಹೊಸ ಜಾಗಕ್ಕೆ ಬರೆದು ಹಾಕುತ್ತಾನೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವನಿಗೂ ಮೊದಲೇ ತೋಡಿಟ್ಟವನಿಗೂ ಇರುವ ವ್ಯತ್ಯಾಸವಿದು.

ಹೋಲಿಕೆ ಮಾತ್ರ ನ್ಯಾಯವಾಗಿರಬೇಕು. ಸಂತೆಯ ದಿನದ ವ್ಯಾಪಾರವನ್ನು ಮರುದಿನದ ವ್ಯಾಪಾರದೊಡನೆ ಹೋಲಿಸಿ “ವ್ಯಾಪಾರ ಬಿದ್ದುಹೋಯಿತು” ಎನ್ನಬಾರದು. ಹಿಂದಿನ ಸಂತೆಯೊಡನೆ ಹೋಲಿಸಬೇಕು. ದಿನದಿನದ ಸಣ್ಣ ಏರಿಳಿತಗಳಿಂದ ದಾರಿ ತಪ್ಪದಿರಲು ಏಳು ದಿನಗಳ ಸರಾಸರಿ ತೆಗೆಯುವುದು ಒಳ್ಳೆಯ ಉಪಾಯ.

ಯಾವ ಅಂಕೆಯನ್ನು ನೋಡಬೇಕೆಂಬುದೂ ಮುಖ್ಯ. ಅಂಗಡಿಯಲ್ಲಿ ಫೋನಿನಿಂದ ಹಣ ಕೊಡುವ ಯು.ಪಿ.ಐ. ವ್ಯವಸ್ಥೆ 2016ರಲ್ಲಿ ಆರಂಭವಾಯಿತು. ತಿಂಗಳ ಪಾವತಿಗಳ ಸಂಖ್ಯೆ 2019ರ ಅಕ್ಟೋಬರಿನಲ್ಲಿ 100 ಕೋಟಿಯನ್ನೂ, 2023ರ ಆಗಸ್ಟಿನಲ್ಲಿ 1000 ಕೋಟಿಯನ್ನೂ ದಾಟಿತು. 2025ರ ಏಪ್ರಿಲ್ 12ರಂದು ಅದು ಕೆಲವು ಗಂಟೆ ತಡವರಿಸಿತು. “ಆ ಹಣ ಸೇರಿತೇ?” ಎಂದು ಬ್ಯಾಂಕುಗಳ ಕಡೆಯಿಂದ ಮತ್ತೆ ಮತ್ತೆ ಬಂದ ವಿಚಾರಣೆಗಳ ಹೊರೆಯೇ ಅದಕ್ಕೆ ಕಾರಣವೆಂದು ತಿಳಿದುಬಂದಿತು. ಪಾವತಿಗಳನ್ನು ಮಾತ್ರ ಎಣಿಸಿದರೆ ಸಾಲದು, ವಿಚಾರಣೆಗಳನ್ನೂ ಎಣಿಸಬೇಕು ಎಂಬುದು ಇದರ ಪಾಠ.

ಈ ವಿದ್ಯೆಗೂ ಮಿತಿಯುಂಟು. 2024ರ ಜುಲೈ 19ರಂದು ಅಮೆರಿಕದ ಕ್ರೌಡ್‌ಸ್ಟ್ರೈಕ್ ಕಂಪನಿ ಕಳುಹಿಸಿದ ಒಂದು ದೋಷದ ಕಡತದಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ಗಣಕಗಳು ಕೆಟ್ಟು ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಚೀಟಿ ಕೊಡಬೇಕಾಯಿತು. ಹಿಂದಿನ ದಿನದ ಯಾವ ಅಂಕೆಯೂ ಇದನ್ನು ಮುಂಚೆ ಹೇಳುವಂತಿರಲಿಲ್ಲ. ನಡೆ ನೋಡಿದರೆ ಮೆಲ್ಲಗೆ ಬರುವ ಕಷ್ಟ ಕಾಣುತ್ತದೆ, ಸಿಡಿಲು ಕಾಣುವುದಿಲ್ಲ.

ಪೋಷಕರಲ್ಲಿ ಒಂದು ಮಾತು. ಒಬ್ಬ ವಿದ್ಯಾರ್ಥಿ ಮೂರು ಪರೀಕ್ಷೆಗಳಲ್ಲಿ 72, 66, 58 ಅಂಕ ಪಡೆದಿದ್ದಾನೆ. ಇನ್ನೊಬ್ಬಳು 38, 45, 52 ಪಡೆದಿದ್ದಾಳೆ. ಕೊನೆಯ ಅಂಕವನ್ನು ಮಾತ್ರ ನೋಡಿದರೆ ಹುಡುಗನಿಗೆ ಶಹಬಾಸ್, ಹುಡುಗಿಗೆ ಬೈಗುಳ. ನಡೆ ನೋಡಿದರೆ ಹುಡುಗನ ಬಳಿ ಕುಳಿತು “ಏನಾಯಿತಪ್ಪಾ?” ಎಂದು ಕೇಳಬೇಕು; ಹುಡುಗಿಯ ಬೆನ್ನು ತಟ್ಟಬೇಕು. ಹತ್ತನೆಯ ತರಗತಿಯ ಬಾಗಿಲಲ್ಲಿ ಓದು ಬಿಡುವ ಮಕ್ಕಳು ಒಂದೇ ದಿನದಲ್ಲಿ ಬಿಡುವುದಿಲ್ಲ. ಅವರ ಅಂಕಗಳೂ ಹಾಜರಿಯೂ ತಿಂಗಳುಗಟ್ಟಲೆ ಮೊದಲೇ ಇಳಿಯತೊಡಗಿರುತ್ತವೆ. ಪ್ರಗತಿಪತ್ರಕ್ಕೆ ಸಹಿ ಹಾಕುವ ಮುನ್ನ ದಯವಿಟ್ಟು ಹಿಂದಿನ ಸಾಲುಗಳನ್ನೂ ಒಮ್ಮೆ ಓದಿರಿ.