ಟ್ಯಾಗ್ ಹುಟ್ಟಿದ ಕತೆ, ಟ್ರಂಕ್ ಕೆಡುವ ಬಗೆ

ಸ್ವಿಚ್ಚಿನ ದೀಪ ಹಸಿರಾಗಿ ಮಿನುಗುತ್ತಿರುತ್ತದೆ, ಕೇಬಲ್ ಗಟ್ಟಿಯಾಗಿಯೇ ಕೂತಿರುತ್ತದೆ. ಆದರೂ ಲೆಕ್ಕಪತ್ರ ವಿಭಾಗದ ಯಾವ ಕಂಪ್ಯೂಟರಿನಿಂದಲೂ ರೂಟರ್‌ಗೆ ಪಿಂಗ್ ಹೋಗುವುದಿಲ್ಲ. ಪಕ್ಕದ ವಿಭಾಗಕ್ಕೆ ಮಾತ್ರ ಏನೂ ಆಗಿರುವುದಿಲ್ಲ. ಎರಡಕ್ಕೂ ಇರುವುದು ಒಂದೇ ಕೇಬಲ್! ನೆಟ್‌ವರ್ಕ್ ಕೆಲಸದಲ್ಲಿರುವವರೆಲ್ಲ ಕಂಡಿರುವ ಇಂಥ ತೊಂದರೆಗಳ ಮೂಲ ಸಾಮಾನ್ಯವಾಗಿ ಟ್ರಂಕ್‌ನಲ್ಲಿರುತ್ತದೆ. ಒಂದೇ ಸ್ವಿಚ್ಚಿನಲ್ಲಿ ವಿಭಾಗಕ್ಕೊಂದರಂತೆ ಬೇರ್ಪಡಿಸಿದ ಜಾಲಗಳೇ ವಿಲ್ಯಾನ್‌ಗಳು. ಹಲವು ವಿಲ್ಯಾನ್‌ಗಳ ಡೇಟಾವನ್ನು ಒಂದೇ ಕೇಬಲ್‌ನಲ್ಲಿ ಸಾಗಿಸುವ ಕೊಂಡಿಯೇ ಟ್ರಂಕ್. ಅದು ಕೆಟ್ಟಾಗ ಕಮಾಂಡ್‌ಗಳ ಬಾಯಿಪಾಠಕ್ಕಿಂತ ಅದು ಹುಟ್ಟಿದ ಕತೆ ಹೆಚ್ಚು ಕೆಲಸಕ್ಕೆ ಬರುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಕತೆ ಶುರುವಾಗುವುದು 1980ರ ದಶಕದ ಅಮೆರಿಕದಲ್ಲಿ. ಡಬ್ಲ್ಯೂ. ಡೇವಿಡ್ ಸಿಂಕೋಸ್ಕಿ ಎಂಬ ಎಂಜಿನಿಯರ್ ಈಥರ್ನೆಟ್ ಮೇಲೆ ಧ್ವನಿ ಸಾಗಿಸುವ ಪ್ರಯೋಗಗಳಲ್ಲಿ ಯಶಸ್ಸು ಕಂಡು, ಬೆಲ್‌ಕೋರ್ ಸಂಶೋಧನಾ ಸಂಸ್ಥೆಯನ್ನು ಸೇರಿದ್ದರು. ಅವರ ತಲೆಯಲ್ಲಿದ್ದದ್ದು ಒಂದು ದೊಡ್ಡ ಪ್ರಶ್ನೆ: ಟೆಲಿಫೋನ್ ಜಾಲದಷ್ಟು ವಿಶಾಲವಾಗಿ ಈಥರ್ನೆಟ್ ಬೆಳೆಯಬಲ್ಲದೇ? ಆಗಿನ ಈಥರ್ನೆಟ್‌ನ ವೇಗ ಸೆಕೆಂಡಿಗೆ 10 ಮೆಗಾಬಿಟ್. ಟೆಲಿಫೋನಿನ ಒಂದೊಂದು ಸಂಪರ್ಕ ಒಯ್ಯುತ್ತಿದ್ದದ್ದು ಬರೀ 56 ಕಿಲೋಬಿಟ್. ಆದರೆ ಟೆಲಿಫೋನ್ ಜಾಲದ ಎಲ್ಲ ಸಂಪರ್ಕಗಳನ್ನೂ ಕೂಡಿದರೆ ಸೆಕೆಂಡಿಗೆ ಸುಮಾರು 1 ಟೆರಾಬಿಟ್ ಆಗುತ್ತದೆ ಎಂಬ ಅಂದಾಜಿತ್ತು. ಈಥರ್ನೆಟ್‌ನಲ್ಲಿ ಆ 10 ಮೆಗಾಬಿಟ್ಟನ್ನೇ ಎಲ್ಲರೂ ಹಂಚಿಕೊಳ್ಳಬೇಕಿತ್ತು.

ಹಲವು ಈಥರ್ನೆಟ್‌ಗಳನ್ನು ರೂಟರ್ ಮೂಲಕ ಜೋಡಿಸಬಹುದಿತ್ತು, ಆದರೆ ಅಂದಿನ ರೂಟರ್‌ಗಳು ದುಬಾರಿ, ನಿಧಾನ. ಫ್ರೇಮ್‌ಗಳನ್ನು, ಅಂದರೆ ಡೇಟಾದ ಕಟ್ಟುಗಳನ್ನು, ಒಂದು ಈಥರ್ನೆಟ್‌ನಿಂದ ಇನ್ನೊಂದಕ್ಕೆ ದಾಟಿಸುವ ಬ್ರಿಡ್ಜ್ ಬಳಸಿದರೆ ಕೆಲಸ ಹಗುರ. ಆದರೆ ಒಂದು ದಾರಿ ಕೆಟ್ಟರೆ ಇನ್ನೊಂದಿರಲಿ ಎಂದು ಎರಡು ಕೇಬಲ್ ಹಾಕಿದರೆ ಫ್ರೇಮ್‌ಗಳು ಸುತ್ತುತ್ತಲೇ ಇದ್ದು ಜಾಲವೇ ಕುಸಿಯುತ್ತಿತ್ತು. ಇದಕ್ಕೆ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ರೇಡಿಯಾ ಪರ್ಲ್‌ಮನ್ ಕೊಟ್ಟ ಉತ್ತರ ಸ್ಪ್ಯಾನಿಂಗ್ ಟ್ರೀ. ಅವರ ಪ್ರಬಂಧ ಪ್ರಕಟವಾದದ್ದು 1985ರಲ್ಲಿ. ಹೆಚ್ಚುವರಿ ದಾರಿಗಳನ್ನು ಮುಚ್ಚಿ, ಯಾವ ಎರಡು ಕಡೆಗಳ ನಡುವೆಯೂ ಒಂದೇ ದಾರಿ ಉಳಿಯುವಂತೆ ಬ್ರಿಡ್ಜ್‌ಗಳೇ ತಮ್ಮತಮ್ಮಲ್ಲಿ ತೀರ್ಮಾನಿಸುವ ವಿಧಾನವದು.

ಸುತ್ತುವುದು ನಿಂತಿತು, ಇನ್ನೊಂದು ತೊಡಕು ಎದುರಾಯಿತು. ಹೀಗೆ ಉಳಿದ ದಾರಿಗಳ ಕವಲುಜಾಲವೇ ಸ್ಪ್ಯಾನಿಂಗ್ ಟ್ರೀಯ ‘ಮರ’. ಇರುವುದು ಒಂದೇ ಮರವಾದ್ದರಿಂದ ಎಲ್ಲ ಸಂಚಾರವೂ ನಡುಮಧ್ಯದ ಬ್ರಿಡ್ಜ್‌ಗಳ ಮೇಲೇ ಬಿತ್ತು. ಸಿಂಕೋಸ್ಕಿ ಇಲ್ಲಿ ಹೊಸ ದಾರಿ ಕಂಡರು. ಮರ ಒಂದೇ ಏಕಿರಬೇಕು? ಪ್ರತಿ ಫ್ರೇಮಿಗೂ ಒಂದು ಗುರುತು ಹಚ್ಚೋಣ. ಕೆಂಪು, ಹಸಿರು, ನೀಲಿ ಎಂದುಕೊಳ್ಳೋಣ. ಬಣ್ಣಕ್ಕೊಂದು ಮರ ಇರಲಿ. ಕೆಂಪಿನ ಬ್ರಿಡ್ಜ್ ಕೆಂಪನ್ನಷ್ಟೇ ಸಾಗಿಸಲಿ, ಉಳಿದದ್ದನ್ನು ಬಿಟ್ಟುಬಿಡಲಿ. ಆಗ ಹೊರೆ ಹಂಚಿಹೋಗುತ್ತದೆ. ಚೇಸ್ ಕಾಟನ್ ಜೊತೆ ಅವರು ಇದರ ವಿಧಾನವನ್ನು ಬೆಳೆಸಿದರು. ಇಬ್ಬರ ಪ್ರಬಂಧ 1988ರಲ್ಲಿ ಬೆಳಕು ಕಂಡಿತು. ಆ ಬಣ್ಣವೇ ಇಂದಿನ ವಿಲ್ಯಾನ್ ಟ್ಯಾಗ್.

1990ರಲ್ಲಿ ಸಿಲಿಕಾನ್ ಕಣಿವೆಯ ಕಲ್ಪನಾ ಕಂಪನಿ ಏಳು ಪೋರ್ಟಿನ ಈಥರ್ನೆಟ್ ಸ್ವಿಚ್ಚನ್ನು, ಅಂದರೆ ಹಲವು ಪೋರ್ಟಿನ ಬ್ರಿಡ್ಜನ್ನು, ಮಾರುಕಟ್ಟೆಗೆ ತಂದಿತು. ಅದರ ಸ್ಥಾಪಕರಲ್ಲೊಬ್ಬರು ಭಾರತೀಯ ಮೂಲದ ವಿನೋದ್ ಭಾರದ್ವಾಜ್. ಸ್ವಿಚ್‌ಗಳು ಹೆಚ್ಚಿದಂತೆ, ಹೊರೆ ಹಂಚಲೆಂದು ಹುಟ್ಟಿದ ಟ್ಯಾಗ್ ಇಲಾಖೆಗಳನ್ನು ಬೇರ್ಪಡಿಸುವ ಸಾಧನವಾಯಿತು. ಆದರೆ ಟ್ಯಾಗ್ ಹಚ್ಚುವ ಬಗೆ ಕಂಪನಿಗೊಂದು. ಸಿಸ್ಕೋದ ಐಎಸ್‌ಎಲ್ ಇಡೀ ಫ್ರೇಮನ್ನು ಹೊಸ ಲಕೋಟೆಗೆ ತುಂಬುತ್ತಿತ್ತು: ಮುಂದೆ 26 ಬೈಟ್, ಹಿಂದೆ 4 ಬೈಟ್. ಅದನ್ನು ಬಲ್ಲ ಯಂತ್ರ ಮಾತ್ರ ಲಕೋಟೆ ಬಿಚ್ಚಬಲ್ಲದಾಗಿತ್ತು.

ಎಲ್ಲರಿಗೂ ಒಪ್ಪುವ ಪರಿಹಾರ ಬಂದದ್ದು 1998ರಲ್ಲಿ, ಐಇಇಇ 802.1ಕ್ಯೂ ಮಾನದಂಡದ ರೂಪದಲ್ಲಿ. ಇದರಲ್ಲಿ ಲಕೋಟೆಯಿಲ್ಲ. ಫ್ರೇಮಿನಲ್ಲಿ ಮೊದಲು ಸೇರಬೇಕಾದವರ ವಿಳಾಸ, 6 ಬೈಟ್. ಆಮೇಲೆ ಕಳಿಸಿದವರ ವಿಳಾಸ, 6 ಬೈಟ್. ಅದರ ಬೆನ್ನಿಗೇ 4 ಬೈಟ್‌ನ ಟ್ಯಾಗ್. ಟ್ಯಾಗಿನ ಮೊದಲೆರಡು ಬೈಟ್ ಹೆಕ್ಸಾಡೆಸಿಮಲ್‌ನಲ್ಲಿ 8100, ಅಂದರೆ ‘ಇಲ್ಲಿ ಟ್ಯಾಗ್ ಇದೆ’ ಎಂಬ ಸೂಚನೆ. ಉಳಿದ 16 ಬಿಟ್‌ಗಳಲ್ಲಿ 3 ಆದ್ಯತೆಗೆ, 1 ಬೇರೊಂದು ಸೂಚನೆಗೆ, 12 ವಿಲ್ಯಾನ್ ಸಂಖ್ಯೆಗೆ. 12 ಬಿಟ್‌ಗಳಿಂದ 4096 ಸಂಖ್ಯೆಗಳು ಸಿಗುತ್ತವೆ. 0 ಮತ್ತು 4095 ಕಾದಿರಿಸಿದವು, ಬಳಕೆಗೆ 4094. ಈ ನಾಲ್ಕು ಬೈಟ್‌ಗಾಗಿ ಈಥರ್ನೆಟ್ ಫ್ರೇಮಿನ ಗರಿಷ್ಠ ಗಾತ್ರವನ್ನೇ 1518ರಿಂದ 1522 ಬೈಟ್‌ಗೆ ಏರಿಸಿದರು. ಸಿಂಕೋಸ್ಕಿ ಬಯಸಿದ್ದ ಹಲವು ಮರಗಳ ವ್ಯವಸ್ಥೆ ಮಾತ್ರ ಈ ಮಾನದಂಡದಲ್ಲಿರಲಿಲ್ಲ. ಅದು 2002ರಲ್ಲಿ 802.1ಎಸ್ ಆಗಿ ಬಂತು.

ಟ್ಯಾಗ್ ಎಂದರೇನೆಂದೇ ಅರಿಯದ ಹಳೆಯ ಯಂತ್ರಗಳೂ ಜಾಲದಲ್ಲಿದ್ದವು. ಅವುಗಳನ್ನು ಹೊರಗಿಡಬಾರದೆಂದು, ಟ್ಯಾಗಿಲ್ಲದ ಫ್ರೇಮ್ ಬಂದರೆ ಪೋರ್ಟ್ ಅದನ್ನು ತನಗೆ ನಿಗದಿಯಾದ ಒಂದು ವಿಲ್ಯಾನ್‌ಗೆ ಸೇರಿಸಬೇಕು ಎಂದು ಗೊತ್ತುಮಾಡಲಾಯಿತು. ಸಿಸ್ಕೋ ಭಾಷೆಯಲ್ಲಿ ಇದು ನೇಟಿವ್ ವಿಲ್ಯಾನ್. ಉದಾರವಾದ, ಬಹು ಉಪಯುಕ್ತವಾದ ನಿರ್ಧಾರ. ಆದರೆ ಟ್ಯಾಗಿಲ್ಲದ ಫ್ರೇಮ್ ಯಾರದೆಂದು ಕೇಬಲ್ ಹೇಳುವುದಿಲ್ಲ, ಎರಡು ತುದಿಗಳ ಒಪ್ಪಂದವೇ ಹೇಳಬೇಕು. ಟ್ರಂಕ್ ಕೆಡುವುದು ಬಹುಪಾಲು ಈ ಬಗೆಯ ಒಪ್ಪಂದ ಮುರಿದಾಗಲೇ.

ಮೊದಲ ಒಪ್ಪಂದ, ಇದು ಟ್ರಂಕ್ ಹೌದೇ ಎಂಬುದು. ಸಿಸ್ಕೋ ಸ್ವಿಚ್ಚಿನ ಪೋರ್ಟ್ ‘ಡೈನಮಿಕ್ ಆಟೋ’ದಲ್ಲಿದ್ದರೆ ಆಚೆ ತುದಿ ಕೇಳಲಿ ಎಂದು ಕಾಯುತ್ತದೆ. ಆಚೆಯದೂ ಹಾಗೇ ಕಾಯುತ್ತಿದ್ದರೆ ಟ್ರಂಕ್ ಏಳುವುದೇ ಇಲ್ಲ. ರೂಟರ್ ಅಂತೂ ಈ ಮಾತುಕತೆಗೇ ಬರುವುದಿಲ್ಲ. ಆದ್ದರಿಂದ ಸ್ವಿಚ್ಚಿನ ಪೋರ್ಟನ್ನು ನಾವೇ ಟ್ರಂಕ್ ಎಂದು ನಿಗದಿ ಮಾಡಬೇಕು.

ಎರಡನೆಯದು ನೇಟಿವ್ ವಿಲ್ಯಾನ್. ಈಚೆ 1, ಆಚೆ 99 ಇದ್ದರೆ ಒಂದನೆಯ ವಿಲ್ಯಾನಿನ ಫ್ರೇಮ್ ಟ್ಯಾಗಿಲ್ಲದೆ ಹೊರಟು 99ರೊಳಗೆ ಇಳಿಯುತ್ತದೆ. ದೀಪ ಹಸಿರಾಗಿಯೇ ಇರುತ್ತದೆ.

ಮೂರನೆಯದು, ಯಾವ ವಿಲ್ಯಾನ್‌ಗಳಿಗೆ ಪ್ರವೇಶ ಎಂಬ ಪಟ್ಟಿ. 10 ಮತ್ತು 20 ಇರುವ ಟ್ರಂಕಿಗೆ 30ನ್ನು ಸೇರಿಸಲು ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೋಡ್ ವಿಲ್ಯಾನ್ 30’ ಎಂದು ಕೊಟ್ಟರೆ ಹಳೆಯ ಪಟ್ಟಿ ಅಳಿಸಿಹೋಗಿ 30 ಒಂದೇ ಉಳಿಯುತ್ತದೆ. ಸಂಖ್ಯೆಗೆ ಮುಂಚೆ ‘ಆ್ಯಡ್’ ಬೇಕು. ಒಂದು ವಿಭಾಗ ಸತ್ತು ಇನ್ನೊಂದು ಓಡುತ್ತಿದ್ದರೆ ಮೊದಲು ನೋಡಬೇಕಾದದ್ದು ಈ ಪಟ್ಟಿಯನ್ನೇ. ಪಟ್ಟಿಯಲ್ಲಿದ್ದೂ ಆ ವಿಲ್ಯಾನನ್ನು ಸ್ವಿಚ್ಚಿನಲ್ಲಿ ಸೃಷ್ಟಿಸದಿದ್ದರೆ ಫಲಿತಾಂಶ ಅದೇ.

ನಾಲ್ಕನೆಯದು ರೂಟರ್. ಅದರ ಒಂದೇ ಪೋರ್ಟನ್ನು ವಿಲ್ಯಾನ್‌ಗೊಂದರಂತೆ ಹಂಚಿದ ಸಬ್‌ಇಂಟರ್‌ಫೇಸಿನ ಹೆಸರಿನ ಕೊನೆಯ ‘.10’ ಬರೀ ಗುರುತು. ಟ್ಯಾಗನ್ನು ನಿರ್ಧರಿಸುವುದು ಒಳಗಿನ ‘ಎನ್‌ಕ್ಯಾಪ್ಸುಲೇಷನ್ ಡಾಟ್1ಕ್ಯೂ 10’ ಎಂಬ ಸಾಲು. ಆ ಸಾಲಿನಲ್ಲಿ 20 ಎಂದಿದ್ದರೆ 10ರ ಫ್ರೇಮ್ ಅಲ್ಲಿಗೆ ಸೇರುವುದಿಲ್ಲ.

‘ಶೋ ಇಂಟರ್‌ಫೇಸಸ್ ಟ್ರಂಕ್’ ಎಂಬ ಒಂದೇ ಕಮಾಂಡ್ ಸ್ವಿಚ್ಚಿನ ಕಡೆಯ ಸ್ಥಿತಿ, ನೇಟಿವ್ ವಿಲ್ಯಾನ್, ಪ್ರವೇಶ ಪಟ್ಟಿ, ಅದರಲ್ಲಿ ಜೀವಂತವಾಗಿರುವವು, ಸ್ಪ್ಯಾನಿಂಗ್ ಟ್ರೀ ಮುಂದಕ್ಕೆ ಬಿಡುತ್ತಿರುವವು ಎಲ್ಲವನ್ನೂ ಸಾಲಾಗಿ ತೋರಿಸುತ್ತದೆ. ಆದರೆ ಅದು ಒಂದು ತುದಿಯ ಹೇಳಿಕೆ ಮಾತ್ರ. ಟ್ರಂಕ್ ಕೈಕೊಟ್ಟಾಗ ಕೇಬಲ್ ಬದಲಿಸುವ, ಸ್ವಿಚ್ ರೀಸ್ಟಾರ್ಟ್ ಮಾಡುವ ಆತುರ ಬೇಡ. ಎರಡೂ ತುದಿಗಳ ಕಾನ್ಫಿಗರೇಷನ್ನನ್ನು ಅಕ್ಕಪಕ್ಕ ಇಟ್ಟು ಒಂದೊಂದೇ ಸಾಲು ತಾಳೆ ನೋಡಿ. ಹೊಸಬರಿಗೆ ಕೆಲಸ ಕಲಿಸುವವರು ಮೊದಲು ಕಲಿಸಬೇಕಾದ ಅಭ್ಯಾಸವೂ ಇದೇ.