ಪರದೇಶ ಪ್ರಯಾಣ ಮತ್ತು ಮಲೇರಿಯಾ

ಸಾಸವಡದಿಂದ ಪರದೇಶಕ್ಕೆ ಹೊರಡುವವರು ಮಲೇರಿಯಾದ ಗುಳಿಗೆ ನುಂಗಬೇಕೆ? ಅದು ಅವರು ಸೇರುವ ನಾಡನ್ನು ಅವಲಂಬಿಸಿದೆ. ಶ್ರೀಲಂಕೆಯನ್ನು 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಮಲೇರಿಯಾಮುಕ್ತವೆಂದು ಸಾರಿತು. ಉಗಾಂಡ, ನೈಜೀರಿಯಗಳಲ್ಲಾದರೋ ಮಾರಕವಾದ ಫಾಲ್ಸಿಪಾರಂ ಬಗೆಯೇ ಪ್ರಬಲ. ಬಾಲ್ಯದಲ್ಲಿ ತವರೂರಿನಲ್ಲಿ ಬಂದುಹೋದ ಚಳಿಜ್ವರವು ಅಲ್ಲಿ ರಕ್ಷೆಯಾಗದು.

ಅಂಥ ನಾಡಿಗೆ ಹೋಗುವವರು ವೈದ್ಯರ ಸಲಹೆಯಂತೆ ಹೊರಡುವ ಮುನ್ನವೇ ಗುಳಿಗೆ ಆರಂಭಿಸತಕ್ಕದ್ದು. ಡಾಕ್ಸಿಸೈಕ್ಲಿನ್ ಆದರೆ ಮರಳಿದ ಮೇಲೂ 4 ವಾರ ಬಿಡಬಾರದು. ಗರ್ಭಿಣಿಯರಿಗೂ ಎಳೆಯ ಮಕ್ಕಳಿಗೂ ಅದು ಸಲ್ಲದು.

ಗುಳಿಗೆ ನುಂಗಿದರೂ ಸೊಳ್ಳೆ ಕಚ್ಚದಂತೆ ಎಚ್ಚರ ಬೇಕು. 2021ರಲ್ಲಿ ಸಾಸವಡದ ಸಮೀಪದ ಬೇಲಸರದಲ್ಲಿ ಕಂಡ ಝೀಕಾದಂಥ ಸೊಳ್ಳೆರೋಗಗಳನ್ನು ಆ ಗುಳಿಗೆ ತಡೆಯದು.

ಮರಳಿ ವರ್ಷದೊಳಗೆ ಜ್ವರ ಬಂದರೆ ಪ್ರಯಾಣದ ಸಂಗತಿಯನ್ನು ವೈದ್ಯರಿಗೆ ತಿಳಿಸಿ, ತಡಮಾಡದೆ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು.