ಸರ್ವನಾಮದ ಜಾಡು ಹಿಡಿದ ಪತ್ತೇದಾರರು

ರಾಮಯ್ಯನು ಸೋಮಯ್ಯನಿಗೆ ಸಾಲ ಕೊಟ್ಟನು; ಅವನ ಮಗಳ ಮದುವೆ ಹತ್ತಿರ ಬಂದಿತ್ತು. ಇಷ್ಟನ್ನು ಓದಿದವರಾರೂ ಮದುವೆಯು ಸೋಮಯ್ಯನ ಮನೆಯದೆಂದು ತಿಳಿಯಲು ವ್ಯಾಕರಣದ ಮೊರೆಹೊಗಬೇಕಾಗಿಲ್ಲ. ಹಣದ ಅಗತ್ಯವುಳ್ಳವನೇ ಸಾಲ ಪಡೆಯುವನೆಂಬ ಲೋಕಾನುಭವವೇ ಅಲ್ಲಿ ವ್ಯಾಖ್ಯಾನಕಾರನ ಕಾರ್ಯವನ್ನು ನಿರ್ವಹಿಸುತ್ತದೆ. ಆ ಅನುಭವವಿಲ್ಲದ ಗಣಕಯಂತ್ರಕ್ಕೆ ಇದನ್ನು ಕಲಿಸಬೇಕಾದರೆ, ಯಾವ ಸರ್ವನಾಮವು ಯಾರನ್ನು ನಿರ್ದೇಶಿಸುತ್ತದೆಂದು ಮನುಷ್ಯರೇ ಗುರುತುಹಾಕಿದ ವಿಪುಲವಾದ ಪಠ್ಯರಾಶಿಯನ್ನು ಅದರ ಮುಂದಿರಿಸಬೇಕು. ಆದರೆ ವಿದ್ವಾಂಸರನ್ನು ನೇಮಿಸಿ ಅಷ್ಟನ್ನೂ ಮಾಡಿಸುವುದು ಬಹು ವ್ಯಯಸಾಧ್ಯವಾದುದು.

ಇಂತಹ ವ್ಯಯವನ್ನು ತಪ್ಪಿಸಲು, ಯಂತ್ರಕ್ಕಾಗಿ ಚಿತ್ರಗಳಿಗೆ ಹೆಸರಿಡುವ ಶ್ರಮವನ್ನು ಗಣಕವಿಜ್ಞಾನಿ ಲೂಯಿಸ್ ಫಾನ್ ಆನ್ ಅಮೆರಿಕದಲ್ಲಿ ಅದಾಗಲೇ ಆಟವಾಗಿ ಮಾರ್ಪಡಿಸಿದ್ದರು. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದ ಮಾಸಿಮೊ ಪೊಯೆಸಿಯೊ, ಜಾನ್ ಚೇಂಬರ್ಲೇನ್, ಉಡೊ ಕ್ರುಶ್ವಿಟ್ಸ್ ಮೊದಲಾದವರು 2008ರಲ್ಲಿ ಅಂತರ್ಜಾಲದಲ್ಲಿ ತೆರೆದ 'ಫ್ರೇಸ್ ಡಿಟೆಕ್ಟಿವ್ಸ್' ಎಂಬ ಆಟವು ಭಾಷೆಯ ಈ ಸೂಕ್ಷ್ಮ ಕಾರ್ಯವನ್ನೂ ಸಾಮಾನ್ಯ ಓದುಗರಿಗೆ ಒಪ್ಪಿಸುವ ಧೈರ್ಯವನ್ನು ತೋರಿತು. ವಿಕಿಪೀಡಿಯಾದ ಲೇಖನವನ್ನೋ ಹಕ್ಕುಸ್ವಾಮ್ಯ ತೀರಿದ ಹಳೆಯ ಕಥೆಯನ್ನೋ ಮುಂದಿಟ್ಟು, ಬಣ್ಣದಿಂದ ಎತ್ತಿ ತೋರಿಸಿದ ಪದವು ಹಿಂದೆ ಬಂದ ಯಾರನ್ನು ಅಥವಾ ಯಾವುದನ್ನು ಹೇಳುತ್ತದೆಂದು ಆಟಗಾರನನ್ನು ಕೇಳುವರು. ತಜ್ಞರು ಮೊದಲೇ ಗುರುತಿಸಿಟ್ಟ ಪಠ್ಯಗಳಲ್ಲಿ ಪಳಗಿದ ಮೇಲೆಯೇ ಅವನಿಗೆ ಹೊಸ ಪಠ್ಯ ದೊರಕುವುದು. ಉತ್ತರಗಳು ಭಿನ್ನವಾದರೆ, ಅವನ್ನು ಬೇರೆ ಆಟಗಾರರ ಮುಂದಿಟ್ಟು, ಒಪ್ಪುವಿರಾ ಇಲ್ಲವೇ ಎಂದು ವಿಚಾರಿಸುವರು.

ಫ್ರಾನ್ಸಿನಲ್ಲಿಯೂ ಮಾತ್ಯು ಲಾಫುರ್ಕಾಡರ 'ಜ್ಯೂ ದ ಮೋ' ಎಂಬ ಆಟದಿಂದ ಫ್ರೆಂಚ್ ಪದಸಂಬಂಧಗಳ ದೊಡ್ಡದೊಂದು ಜಾಲವೇ ಬೆಳೆದಿದೆ. ಆದರೆ ಎಸೆಕ್ಸಿನವರ ಸಾಹಸದಲ್ಲಿ ನನಗೆ ಅತ್ಯಂತ ಗೌರವಾರ್ಹವಾಗಿ ಕಾಣುವುದು ಬೇರೆಯದೇ ಒಂದು ಗುಣ. ಬಹುಮತವನ್ನು ಸತ್ಯವೆಂದು ಸ್ವೀಕರಿಸಿ ಉಳಿದುದನ್ನು ಪ್ರಮಾದವೆಂದು ಅಳಿಸಿಬಿಡದೆ, ವಿವೇಕಿಗಳಾದ ಓದುಗರು ಒಂದೇ ವಾಕ್ಯವನ್ನು ಎರಡು ಬಗೆಯಾಗಿ ಗ್ರಹಿಸಿದಾಗ ಆ ಎರಡು ಗ್ರಹಿಕೆಗಳನ್ನೂ ಅವರು ಸಂಗ್ರಹದಲ್ಲಿ ಉಳಿಸಿಕೊಂಡರು. ಏಕೆಂದರೆ ಸಂದಿಗ್ಧತೆಯು ಹಲವೊಮ್ಮೆ ಓದುಗನ ಅಜ್ಞಾನದಿಂದಲ್ಲ, ಭಾಷೆಯ ಸ್ವಭಾವದಿಂದಲೇ ಹುಟ್ಟುತ್ತದೆ. ಭಾಷೆಯನ್ನು ಅರಿತವರು ಪಂಡಿತರು ಮಾತ್ರವೆಂಬ ಭ್ರಮೆಗೆ ಇದಕ್ಕಿಂತ ಸಮರ್ಪಕವಾದ ಉತ್ತರವನ್ನು ನಾನು ಕಾಣೆ.

ಕರ್ತೃಪದವನ್ನೇ ಬಿಟ್ಟು ಮಾತನಾಡುವುದು ಕನ್ನಡಿಗರ ನಿತ್ಯದ ರೂಢಿಯಾಗಿರುವುದರಿಂದ, ಹೇಳದೆ ಉಳಿದ 'ಅವನು' ಯಾರು, 'ಅವಳು' ಯಾರೆಂಬುದನ್ನು ಯಂತ್ರಕ್ಕೆ ಕಲಿಸುವ ಕಾರ್ಯವು ನಮ್ಮಲ್ಲಿ ಇನ್ನೂ ಕಠಿನವಾದುದು. ನಮ್ಮ ವಿಶ್ವವಿದ್ಯಾನಿಲಯಗಳ ಭಾಷಾವಿಜ್ಞಾನಿಗಳೂ ತಂತ್ರಾಂಶ ರಚಿಸುವ ತರುಣರೂ ಜೊತೆಗೂಡಿ, ಹಕ್ಕುಸ್ವಾಮ್ಯ ತೀರಿದ ಕನ್ನಡ ಕಥೆಗಳಿಂದ ಇಂತಹುದೊಂದು ಆಟವನ್ನು ಕಟ್ಟಿ, ಓದು ಬಲ್ಲ ಪ್ರತಿಯೊಬ್ಬರನ್ನೂ ಅದಕ್ಕೆ ಆಹ್ವಾನಿಸಬೇಕೆಂದು ನನ್ನ ವಿನಂತಿ.